ಅಲಾಸ್ಕಾದ ಮತವಿಲ್ಲದ ಕುರ್ಚಿ ಏನು ಮಾಡಿತು, ಎಲ್ಲಿ ಸೋತಿತು

ಸಂಪಾದಕರಿಗೆ,

ಮಾನ್ಯರೇ,

ಗುವಾಮ್, ಪೋರ್ಟೊ ರಿಕೊ ಮುಂತಾದ ಅಮೆರಿಕದ ಅಧೀನ ಪ್ರದೇಶಗಳ ಸುದ್ದಿ ಬಂದಾಗಲೆಲ್ಲ, ಅಲ್ಲಿಂದ ವಾಷಿಂಗ್ಟನ್‌ಗೆ ಹೋಗುವ ಪ್ರತಿನಿಧಿಗೆ ಮತವೇ ಇಲ್ಲ, ಅವನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುವ ಧಾಟಿಯ ಬರಹ ಕಾಣಿಸುತ್ತದೆ. ಮತವಿಲ್ಲ ಎನ್ನುವುದು ನಿಜ. ಉಳಿದದ್ದಕ್ಕೆ ಇತಿಹಾಸದ ಬೆಂಬಲ ಕಡಿಮೆ. ಇದನ್ನು ಒರೆಗೆ ಹಚ್ಚಿ ನೋಡಲು ಅಲಾಸ್ಕಾದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1906ರಿಂದ 1959ರ ಜನವರಿಯವರೆಗೆ ಆ ವಿಶಾಲ ಗಡಿನಾಡಿಗೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಅದೂ ಮತವಿಲ್ಲದ್ದು. ಆ ಕುರ್ಚಿಯಿಂದ ರೈಲು ಬಂತು, ಶಾಸನಸಭೆ ಬಂತು, ಕೊನೆಗೆ ರಾಜ್ಯದ ಸ್ಥಾನವೂ ಬಂತು. ಆದರೆ ಎದುರಾಳಿಗೆ ಸದನದೊಳಗೇ ಮತಗಳಿದ್ದ ಎರಡು ವಿಷಯಗಳಲ್ಲಿ, ಅಂದರೆ ಹಡಗು ಮತ್ತು ಮೀನಿನಲ್ಲಿ, ಅದು ಸೋಲುತ್ತಲೇ ಹೋಯಿತು.

ಈ ಪದ್ಧತಿಯ ಬೇರು ಅಮೆರಿಕದ ಸಂವಿಧಾನಕ್ಕಿಂತ ಹಳೆಯದು. 1787ರ ಜುಲೈ 13ರಂದು ಹಳೆಯ ಒಕ್ಕೂಟದ ಕಾಂಗ್ರೆಸ್ ಒಹಾಯೊ ನದಿಯ ವಾಯವ್ಯಕ್ಕಿದ್ದ ಪ್ರದೇಶಕ್ಕಾಗಿ ಮಾಡಿದ ಕಟ್ಟಳೆಯಲ್ಲಿ ಮೂರು ಮೆಟ್ಟಿಲುಗಳಿದ್ದವು. ಮೊದಲು ನೇಮಕಗೊಂಡ ಗವರ್ನರ್ ಮತ್ತು ನ್ಯಾಯಾಧೀಶರ ಆಳ್ವಿಕೆ. ವಯಸ್ಕ ಸ್ವತಂತ್ರ ಗಂಡಸರ ಸಂಖ್ಯೆ 5,000 ಮುಟ್ಟಿದಾಗ ಶಾಸನಸಭೆ. ಆ ಸಭೆ ಆರಿಸಿದ ಒಬ್ಬ ಡೆಲಿಗೇಟ್ ಕಾಂಗ್ರೆಸ್ಸಿನಲ್ಲಿ ಚರ್ಚೆ ಮಾಡಬಹುದು, ಮತ ಹಾಕುವಂತಿಲ್ಲ. ಸ್ವತಂತ್ರ ನಿವಾಸಿಗಳು 60,000 ಆದಾಗ ರಾಜ್ಯ. ಅಂದರೆ ಈ ಕುರ್ಚಿಯನ್ನು ರೂಪಿಸಿದವರು ಅದನ್ನು ಕಾಯುವ ಕೋಣೆಯೆಂದು ಎಣಿಸಿದ್ದರೇ ಹೊರತು ಶಾಶ್ವತ ವಾಸದ ಮನೆಯೆಂದಲ್ಲ. ಹೊಸ ಸಂವಿಧಾನದಡಿ ಸೇರಿದ ಕಾಂಗ್ರೆಸ್ 1789ರಲ್ಲಿ ಈ ಕಟ್ಟಳೆಯನ್ನು ಮತ್ತೆ ಅಂಗೀಕರಿಸಿತು. ಸಂವಿಧಾನದಲ್ಲಿ ಮಾತ್ರ ಡೆಲಿಗೇಟ್ ಎಂಬವನ ಸುಳಿವೇ ಇಲ್ಲ.

ಆದ್ದರಿಂದ 1794ರಲ್ಲಿ ನೈರುತ್ಯ ಪ್ರದೇಶದಿಂದ, ಅಂದರೆ ಮುಂದೆ ಟೆನೆಸ್ಸಿ ಆದ ಸೀಮೆಯಿಂದ, ಜೇಮ್ಸ್ ವೈಟ್ ಬಂದು ನಿಂತಾಗ ಎಲ್ಲರಿಗೂ ಗೊಂದಲ. ಅವನನ್ನು ಎಲ್ಲಿ ಕೂರಿಸುವುದು? ಪ್ರತಿನಿಧಿ ಸಭೆಯಲ್ಲೋ, ಸೆನೆಟ್‌ನಲ್ಲೋ? ಕಟ್ಟಳೆಯಲ್ಲಿದ್ದದ್ದು ‘ಕಾಂಗ್ರೆಸ್’ ಎಂದಷ್ಟೇ. ಅದನ್ನು ಬರೆದಾಗ ಕಾಂಗ್ರೆಸ್ಸಿಗೆ ಒಂದೇ ಸದನವಿತ್ತು. ಕೊನೆಗೆ ಪ್ರತಿನಿಧಿ ಸಭೆ ಅವನನ್ನು ಒಳಗೆ ಬಿಟ್ಟುಕೊಂಡಿತು. ಪ್ರಮಾಣವಚನ ಬೇಡ, ಅವನು ಸದಸ್ಯನಲ್ಲ ಎಂದು ಜೇಮ್ಸ್ ಮ್ಯಾಡಿಸನ್ ವಾದಿಸಿದ, ಹಾಗೆಯೇ ಆಯಿತು. ಭತ್ಯೆ ಮತ್ತು ಉಚಿತ ಅಂಚೆಯ ಸೌಲಭ್ಯ ಮಾತ್ರ ಸಿಕ್ಕವು.

ಐದು ವರ್ಷಗಳಾದ ಮೇಲೆ, 1799ರಲ್ಲಿ, ವಾಯವ್ಯ ಪ್ರದೇಶದ ಶಾಸನಸಭೆ ವಿಲಿಯಂ ಹೆನ್ರಿ ಹ್ಯಾರಿಸನ್‌ನನ್ನು 11–10ರ ಅಂತರದಲ್ಲಿ ಆರಿಸಿ ಕಳಿಸಿತು. ಈ ಕುರ್ಚಿಯ ಬೆಲೆ ಏನೆಂದು ಮೊದಲು ತೋರಿಸಿಕೊಟ್ಟವನು ಇವನೇ. ಆಗಿನ ಕಾನೂನಿನಂತೆ ಸರ್ಕಾರಿ ಜಮೀನು ಕೊಳ್ಳಬೇಕಾದರೆ ಕನಿಷ್ಠ 640 ಎಕರೆ ಕೊಳ್ಳಬೇಕಿತ್ತು, ಎಕರೆಗೆ 2 ಡಾಲರ್. ಸಾಮಾನ್ಯ ರೈತನಿಗೆ ಅದು ಕೈಗೆಟುಕದ ಮಾತು; ದಲ್ಲಾಳಿಗಳಿಗೆ ಹಬ್ಬ. ಹ್ಯಾರಿಸನ್ ಸಾರ್ವಜನಿಕ ಜಮೀನಿನ ಸಮಿತಿಯ ನೇತೃತ್ವ ಹಿಡಿದು 1800ರ ಜಮೀನು ಕಾಯ್ದೆಯನ್ನು ತಂದ. ಬೆಲೆ ಇಳಿಯಲಿಲ್ಲ, ಕನಿಷ್ಠ ಪ್ರಮಾಣ 320 ಎಕರೆಗೆ ಇಳಿಯಿತು, ನಾಲ್ಕು ವರ್ಷಗಳ ಸಾಲದ ಅವಕಾಶ ಬಂತು, ಜಮೀನು ಕಚೇರಿಗಳು ಸಿನ್ಸಿನಾಟಿ, ಚಿಲಿಕಾಥಿ, ಮರಿಯೆಟ್ಟಾದಂಥ ಊರುಗಳಿಗೇ ಬಂದವು. ಒಂದೂ ಮತ ಚಲಾಯಿಸದೆ ಒಬ್ಬ ಮನುಷ್ಯ ಒಂದೇ ಅವಧಿಯಲ್ಲಿ ಮಾಡಿದ ಕೆಲಸ ಇದು.

ಮತವೊಂದನ್ನು ಬಿಟ್ಟರೆ ಡೆಲಿಗೇಟ್‌ನ ಕೈಯಲ್ಲಿ ಉಳಿಯುವುದೇನು? ಅವನು ಮಸೂದೆ ಮಂಡಿಸಬಹುದು, ಚರ್ಚೆಯಲ್ಲಿ ಪಾಲ್ಗೊಳ್ಳಬಹುದು, ಕ್ರಿಯಾಲೋಪ (ನಿಯಮ ಮೀರಲಾಗಿದೆ ಎಂಬ ತಕರಾರು) ಎತ್ತಬಹುದು. ಮರುಪರಿಶೀಲನೆಯ ಪ್ರಸ್ತಾವವೊಂದನ್ನು ಬಿಟ್ಟು ಸದಸ್ಯರು ಮಂಡಿಸಬಹುದಾದ ಯಾವ ಪ್ರಸ್ತಾವವನ್ನಾದರೂ ಮಂಡಿಸಬಹುದು. ಮರುಪರಿಶೀಲನೆ ಕೇಳಲು ಗೆದ್ದ ಪಕ್ಷಕ್ಕೆ ಮತ ಹಾಕಿರಬೇಕು. ಮತವೇ ಇಲ್ಲದವನು ಅದನ್ನು ಕೇಳುವುದು ಹೇಗೆ? ಸರ್ವಾನುಮತದಿಂದ ಮಸೂದೆಯೊಂದನ್ನು ಸರಸರನೆ ದಾಟಿಸಲು ಹೊರಟಾಗ ಎದ್ದು ನಿಂತು ಆಕ್ಷೇಪ ಎತ್ತಬಹುದು. ಹೊರಗಿನವರಿಗೆ ಇದು ಸಣ್ಣದೆನಿಸೀತು. ಸ್ಥಳೀಯ ಸೇತುವೆ, ಪಿಂಚಣಿ, ಅಂಚೆ ಕಟ್ಟಡದಂಥ ಮಸೂದೆಗಳು ಹೆಚ್ಚಾಗಿ ಆ ದಾರಿಯಲ್ಲೇ ಸಾಗುತ್ತವೆ. ಒಬ್ಬನ ಆಕ್ಷೇಪಕ್ಕೂ ಅವು ನಿಂತುಬಿಡುತ್ತವೆ. ಸಭಾಧ್ಯಕ್ಷನ ಆಯ್ಕೆಯಲ್ಲಿ ಮಾತ್ರ ಅವನಿಗೆ ಪಾಲಿಲ್ಲ, ಸಮಿತಿಯಲ್ಲಿ ಕೊಳೆಯುತ್ತಿರುವ ಮಸೂದೆಯನ್ನು ಹೊರಗೆಳೆಯುವ ಅರ್ಜಿಗೆ ಸಹಿ ಹಾಕುವ ಹಕ್ಕೂ ಇಲ್ಲ. 1871ರಿಂದ ಪ್ರಾಂತ್ಯಗಳ ಸಮಿತಿಯಲ್ಲಿ ಡೆಲಿಗೇಟ್‌ಗೆ ನಿಯಮಬದ್ಧ ಜಾಗ ಸಿಕ್ಕಿತು. ಸಮಿತಿಯೊಳಗೆ ಮತ ಸಿಕ್ಕಿದ್ದು 1970ರ ದಶಕದಲ್ಲಿ.

ಅಲಾಸ್ಕಾಕ್ಕೆ ಈ ಕುರ್ಚಿಯೂ ಸುಲಭಕ್ಕೆ ದಕ್ಕಲಿಲ್ಲ. 1867ರಲ್ಲಿ ರಷ್ಯಾಕ್ಕೆ 72 ಲಕ್ಷ ಡಾಲರ್ ಕೊಟ್ಟು ಕೊಂಡ ಸೀಮೆಯನ್ನು ಹದಿನೇಳು ವರ್ಷ ಸೈನ್ಯ, ಸುಂಕ ಇಲಾಖೆ ಮತ್ತು ನೌಕಾಪಡೆ ಸರದಿಯ ಮೇಲೆ ನೋಡಿಕೊಂಡವು. 1881ರಲ್ಲಿ ಆಗ್ನೇಯ ಅಲಾಸ್ಕಾದ ಜನ ತಾವೇ ಸಮಾವೇಶ ನಡೆಸಿ ಮಾಟ್ರಮ್ ಬಾಲ್ ಎಂಬವರನ್ನು ಡೆಲಿಗೇಟ್ ಎಂದು ಆರಿಸಿ ಕಳಿಸಿದರು. ಸದನ ಅವರಿಗೆ ಕುರ್ಚಿ ಕೊಡಲಿಲ್ಲ. 1884ರ ಮೊದಲ ಆಡಳಿತ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ಶಾಸನಸಭೆಯೂ ಇರಕೂಡದು, ಇಲ್ಲಿಂದ ಡೆಲಿಗೇಟ್‌ನನ್ನೂ ಕಳಿಸಕೂಡದು ಎಂದು ಅಚ್ಚಿನಲ್ಲೇ ಬರೆಯಿತು. ಗವರ್ನರ್ ಬಂದ, ಒಬ್ಬ ನ್ಯಾಯಾಧೀಶ ಬಂದ; ಕಾನೂನು ಬಂದದ್ದು ಆರೆಗಾನ್ ರಾಜ್ಯದ್ದು.

ಚಿನ್ನ ಬಂದು ಲೆಕ್ಕ ಬದಲಾಯಿತು. ಮೊದಲು ಗಡಿಯಾಚೆ ಕೆನಡಾದ ಕ್ಲಾಂಡೈಕ್‌ನಲ್ಲಿ, ಆಮೇಲೆ ಅಲಾಸ್ಕಾದ್ದೇ ಆದ ನೋಮ್‌ನಲ್ಲಿ. 1900ರ ಜನಗಣತಿಯಲ್ಲಿ ಅಲಾಸ್ಕಾದ ಜನಸಂಖ್ಯೆ 63,592. 1906ರ ಮೇ 7ರಂದು ಡೆಲಿಗೇಟ್ ಕಾಯ್ದೆ ಬಂತು, ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. ನೋಮ್‌ನ ಗಣಿಗಾರ ಫ್ರಾಂಕ್ ವಾಸ್ಕಿ ಉಳಿದ ಕೆಲವೇ ತಿಂಗಳ ಅವಧಿಗೂ, ಫೇರ್‌ಬ್ಯಾಂಕ್ಸ್‌ನ ಥಾಮಸ್ ಕೇಲ್ ಮುಂದಿನ ಪೂರ್ಣ ಅವಧಿಗೂ ಗೆದ್ದರು. ಮತ ಹಾಕಿದವರು ಗಂಡಸರು, ಅದರಲ್ಲೂ ಅಮೆರಿಕದ ನಾಗರಿಕರು ಮಾತ್ರ. ಸಾವಿರಾರು ವರ್ಷಗಳಿಂದ ಅಲ್ಲೇ ಇದ್ದ ಮೂಲನಿವಾಸಿಗಳಲ್ಲಿ ಹೆಚ್ಚಿನವರನ್ನು 1924ರವರೆಗೂ ನಾಗರಿಕರೆಂದೇ ಎಣಿಸುತ್ತಿರಲಿಲ್ಲ. ‘ಅಲಾಸ್ಕಾದ ಪ್ರತಿನಿಧಿ’ ಎಂದು ಓದುವಾಗ ಇದು ನೆನಪಿನಲ್ಲಿರಲಿ: ಮತವಿಲ್ಲದ ಪ್ರತಿನಿಧಿಯ ಹಿಂದೆ, ಅವನನ್ನು ಆರಿಸಲೂ ಮತವಿಲ್ಲದ ದೊಡ್ಡ ಸಮೂಹವೊಂದಿತ್ತು.

ಈ ಕುರ್ಚಿಗೆ ತೂಕ ತಂದವರು ಜೇಮ್ಸ್ ವಿಕರ್‌ಶಾಮ್. 1900ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ ಬಂದವರು, 1903ರಲ್ಲಿ ಡೆನಾಲಿ ಪರ್ವತ ಏರಲು ಹೋಗಿ ಹಿಂತಿರುಗಿದವರು, 1908ರಲ್ಲಿ ಗೆದ್ದು 1909ರ ಮಾರ್ಚ್‌ನಿಂದ ಸದನದಲ್ಲಿ ಕೂತರು. ಆಗ ಅಲಾಸ್ಕಾದ ತಾಮ್ರ, ಹಡಗು, ರೈಲುಗಳ ಮೇಲೆ ಮಾರ್ಗನ್ ಮತ್ತು ಗುಗನ್‌ಹೈಮ್ ಬಂಡವಾಳದ ಸಿಂಡಿಕೇಟ್ ಹಿಡಿತ ಸಾಧಿಸುತ್ತಿತ್ತು. ಅಧ್ಯಕ್ಷ ಟಾಫ್ಟ್‌ಗೆ ಅಲಾಸ್ಕಾವನ್ನು ನೇಮಕಗೊಂಡ ಆಯೋಗದ ಕೈಗೆ ಕೊಡುವ ಮನಸ್ಸಿತ್ತು. ಮತವಿಲ್ಲದ ವಿಕರ್‌ಶಾಮ್ ಇದನ್ನು ತಡೆದದ್ದು ಸದನದ ಹೊರಗಿನ ಗಾಳಿಯನ್ನು ಬಳಸಿ. ಕಲ್ಲಿದ್ದಲು ಜಮೀನಿನ ಹಗರಣದಿಂದ ಸಿಂಡಿಕೇಟ್ ಹೆಸರು ಕೆಟ್ಟಿದ್ದ ಕಾಲ. ಅವರು ಪತ್ರಿಕೆಗಳಿಗೆ, ವಿಚಾರಣೆಗಳಿಗೆ ಆ ಹೆಸರನ್ನು ಮತ್ತೆ ಮತ್ತೆ ಎಳೆದು ತಂದರು. ಆಯೋಗದ ಮಸೂದೆ ಬಿದ್ದುಹೋಯಿತು. 1912ರ ಆಗಸ್ಟ್ 24ರ ಎರಡನೇ ಆಡಳಿತ ಕಾಯ್ದೆಯಿಂದ 8 ಸೆನೆಟರ್‌ಗಳು, 16 ಪ್ರತಿನಿಧಿಗಳ ಶಾಸನಸಭೆ ಸಿಕ್ಕಿತು. 1913ರ ಮಾರ್ಚ್‌ನಲ್ಲಿ ಜೂನೊದಲ್ಲಿ ಸೇರಿದ ಆ ಸಭೆ ಮಾಡಿದ ಮೊದಲ ಕಾನೂನೇ ಹೆಂಗಸರಿಗೆ ಮತದಾನದ ಹಕ್ಕು. ಇಡೀ ಅಮೆರಿಕಕ್ಕೆ ಅದು ಬರಲು ಇನ್ನೂ ಏಳು ವರ್ಷವಿತ್ತು.

ಮರುವರ್ಷ ರೈಲು. 1914ರ ಜನವರಿಯಲ್ಲಿ ವಿಕರ್‌ಶಾಮ್ ಸದನದಲ್ಲಿ ಐದೂವರೆ ತಾಸು ಮಾತಾಡಿದರು. ಮಾರ್ಚ್ 12ರ ಕಾಯ್ದೆ 1,000 ಮೈಲಿಯವರೆಗೆ ಸರ್ಕಾರಿ ರೈಲು ಹಾಕಲು 3.5 ಕೋಟಿ ಡಾಲರ್ ಮಿತಿಯಲ್ಲಿ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು. ಕಟ್ಟಿದ್ದು ಸೀವರ್ಡ್ ಬಂದರಿನಿಂದ ಫೇರ್‌ಬ್ಯಾಂಕ್ಸ್‌ವರೆಗಿನ ಸುಮಾರು 470 ಮೈಲಿ; 1923ರ ಜುಲೈನಲ್ಲಿ ಅಧ್ಯಕ್ಷ ಹಾರ್ಡಿಂಗ್ ನೆನಾನಾದಲ್ಲಿ ಕೊನೆಯ ಮೊಳೆ ಹೊಡೆದರು. 1916ರ ಮಾರ್ಚ್ 30ರಂದು, ಖರೀದಿ ಒಪ್ಪಂದದ ವಾರ್ಷಿಕ ದಿನವನ್ನೇ ಹುಡುಕಿ, ವಿಕರ್‌ಶಾಮ್ ಮೊದಲ ರಾಜ್ಯ ಮಸೂದೆಯನ್ನು ಮಂಡಿಸಿದರು. ಅದು ಎಲ್ಲಿಗೂ ಹೋಗಲಿಲ್ಲ.

ಅದೇ ವರ್ಷದ ಚುನಾವಣೆ ಈ ಕುರ್ಚಿಯ ಇನ್ನೊಂದು ದೌರ್ಬಲ್ಯವನ್ನು ತೋರಿಸಿತು. ದೂರದ ಮತಗಟ್ಟೆಗಳಿಗೆ ಅಧಿಕೃತ ಮತಪತ್ರ ತಲುಪದೆ, ಅಲ್ಲಿನವರು ಸಿಕ್ಕ ಕಾಗದದಲ್ಲಿ ಹೆಸರು ಬರೆದು ಹಾಕಿದ್ದರು. ಆ ಮತಗಳನ್ನು ಎಣಿಸಬೇಕೋ ಬಿಡಬೇಕೋ ಎಂಬುದು ನ್ಯಾಯಾಲಯಕ್ಕೆ ಹೋಯಿತು. ಅವುಗಳನ್ನು ಬಿಟ್ಟದ್ದರಿಂದ ಚಾರ್ಲ್ಸ್ ಸುಲ್ಜರ್ ಕೂದಲೆಳೆಯಲ್ಲಿ ಗೆದ್ದು 1917ರ ಮಾರ್ಚ್‌ನಲ್ಲಿ ಕುರ್ಚಿ ಏರಿದರು. ಸದನ ತನಿಖೆ ಮುಗಿಸಿ ವಿಕರ್‌ಶಾಮ್ ಪರ ತೀರ್ಪು ಕೊಟ್ಟದ್ದು 1919ರ ಜನವರಿ 7ರಂದು. ಅವಧಿ ಮುಗಿಯಲು ಎರಡು ತಿಂಗಳೂ ಉಳಿದಿರಲಿಲ್ಲ. 1918ರಲ್ಲಿ ಮತ್ತೆ ಅದೇ ಜೋಡಿ, ಮತ್ತೆ ತಕರಾರು. ಸುಲ್ಜರ್ 1919ರ ಏಪ್ರಿಲ್‌ನಲ್ಲಿ ತೀರಿಕೊಂಡರು, ವಿಶೇಷ ಚುನಾವಣೆಯಲ್ಲಿ ಜಾರ್ಜ್ ಗ್ರಿಗ್ಸ್‌ಬಿ ಬಂದರು, ಸದನ ಎರಡನೇ ಬಾರಿಯೂ ವಿಕರ್‌ಶಾಮ್‌ಗೇ ಕುರ್ಚಿ ಎಂದಿತು. ಯಾವಾಗ? 1921ರ ಮಾರ್ಚ್ 1ರಂದು. ಅವಧಿ ಮುಗಿದದ್ದು ಮಾರ್ಚ್ 3ಕ್ಕೆ. ನಾನೂರಕ್ಕೂ ಹೆಚ್ಚು ಸದಸ್ಯರ ಸದನಕ್ಕೆ, ಯಾವ ಮತವಿಭಜನೆಯನ್ನೂ ಬದಲಿಸದ ಕುರ್ಚಿಯ ತಕರಾರನ್ನು ಬೇಗ ಮುಗಿಸುವ ತುರ್ತೇ ಇರಲಿಲ್ಲ.

ಈ ತಕರಾರಿನ ನಡುವೆಯೇ, 1920ರ ಜೂನ್‌ನಲ್ಲಿ, ಅಲಾಸ್ಕಾಕ್ಕೆ ಬಹುಕಾಲ ಕಾಡಿದ ಏಟು ಬಿತ್ತು: ವ್ಯಾಪಾರಿ ಹಡಗು ಕಾಯ್ದೆ, ಜನರ ಬಾಯಲ್ಲಿ ಜೋನ್ಸ್ ಕಾಯ್ದೆ. ಅಮೆರಿಕದ ಎರಡು ಬಂದರುಗಳ ನಡುವಿನ ಸರಕು ಅಮೆರಿಕದ ಹಡಗಿನಲ್ಲೇ ಹೋಗಬೇಕೆಂಬುದು ಅದರ ಸಾರ. ಕೆನಡಾದ ರೈಲುಗಳ ಮೂಲಕ ಹಾದುಹೋಗುವ ಮಾರ್ಗಗಳಿಗೆ ಅದರಲ್ಲಿ ವಿನಾಯಿತಿ ಕೊಡಲಾಗಿತ್ತು. ಆ ವಿನಾಯಿತಿಯೊಳಗೆ ‘ಅಲಾಸ್ಕಾ ಹೊರತು’ ಎಂದು ಸೇರಿಸಲಾಯಿತು. ಆಗ್ನೇಯ ಅಲಾಸ್ಕಾದ ತುದಿಗೆ ತೀರ ಹತ್ತಿರವಿರುವ ದೊಡ್ಡ ಬಂದರು ಕೆನಡಾದ ಪ್ರಿನ್ಸ್ ರೂಪರ್ಟ್. ಅಲ್ಲಿಗೆ ರೈಲು ಬಂದಾಗಿತ್ತು. ಆ ದಾರಿ ಮುಚ್ಚಿದ ಮೇಲೆ ಅಲಾಸ್ಕಾದ ಸರಕಿಗೆಲ್ಲ ಸಿಯಾಟಲ್ಲೇ ಗತಿ, ಅಲ್ಲಿನ ಹಡಗು ಕಂಪನಿ ಹೇಳಿದ್ದೇ ದರ. ಕಾಯ್ದೆಗೆ ಹೆಸರು ಕೊಟ್ಟ ವೆಸ್ಲಿ ಜೋನ್ಸ್ ವಾಷಿಂಗ್ಟನ್ ರಾಜ್ಯದ ಸೆನೆಟರ್. ಸಿಯಾಟಲ್ ಇರುವುದೂ ಅದೇ ರಾಜ್ಯದಲ್ಲಿ. ಅಲಾಸ್ಕಾ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ರಾಜ್ಯದ ಬಂದರಿಗಿಂತ ಇನ್ನೊಂದು ರಾಜ್ಯದ ಬಂದರಿಗೆ ಆದ್ಯತೆ ಕೊಡಬಾರದೆಂದು ಸಂವಿಧಾನವೇ ಹೇಳುತ್ತದಲ್ಲ ಎಂದು ವಾದಿಸಿತು. 1922ರಲ್ಲಿ ಬಂದ ಉತ್ತರ: ಆ ರಕ್ಷಣೆ ರಾಜ್ಯಗಳಿಗೆ, ಅಲಾಸ್ಕಾ ರಾಜ್ಯವಲ್ಲ.

ಶಾಸನಸಭೆಗಳಲ್ಲಿ ವಾದದಿಂದ ಗೆಲ್ಲುವುದು ಸ್ವಲ್ಪ, ಕೊಡುಕೊಳ್ಳುವಿಕೆಯಿಂದ ಗೆಲ್ಲುವುದು ಬಹಳ. ನಿನ್ನ ಅಣೆಕಟ್ಟಿಗೆ ನಾನು, ನನ್ನ ಬಂದರಿಗೆ ನೀನು. ಡೆಲಿಗೇಟ್‌ನ ಬಳಿ ಕೊಡಲು ಏನೂ ಇರುವುದಿಲ್ಲ. 1910ರಲ್ಲಿ ನೆವಾಡದ ಜನಸಂಖ್ಯೆ 81,875, ಅಲಾಸ್ಕಾದ್ದು 64,356. ಅಂತರ ಹೆಚ್ಚೇನಲ್ಲ. ಆದರೆ ನೆವಾಡಕ್ಕೆ ಇಬ್ಬರು ಸೆನೆಟರ್‌ಗಳು, ಒಬ್ಬ ಸದಸ್ಯ, ಮೂವರಿಗೂ ಮತ. ಸಿಯಾಟಲ್‌ನ ಹಡಗಿನವರು ನೆವಾಡವನ್ನು ಹೀಗೆ ಆಟವಾಡಿಸಲಾಗುತ್ತಿರಲಿಲ್ಲ.

ಮೀನಿನ ಕಥೆ ಇನ್ನೂ ಕಹಿ. 1912ರ ಕಾಯ್ದೆ ಶಾಸನಸಭೆ ಕೊಟ್ಟಿತೇನೋ ಸರಿ, ಮೀನು ಮತ್ತು ಬೇಟೆಯ ಕಾನೂನು ಮುಟ್ಟುವ ಅಧಿಕಾರ ಕೊಡಲಿಲ್ಲ. ಡಬ್ಬಿ ಮೀನಿನ ಕಂಪನಿಗಳಿಗೆ ಅದೇ ಬೇಕಿತ್ತು. ಅವುಗಳ ಆಯುಧ ಸಾಲ್ಮನ್ ಮೀನಿನ ಬೋನು. ದಡದಿಂದ ಆಳ ನೀರಿನತ್ತ ನೂರಾರು ಅಡಿ ಉದ್ದದ ಬಲೆಯ ಬೇಲಿಯನ್ನು ಕಂಬಗಳಿಗೆ ಕಟ್ಟುತ್ತಾರೆ. ಮೊಟ್ಟೆಯಿಡಲು ದಡದ ಗುಂಟ ಈಜಿ ಬರುವ ಮೀನು ಬೇಲಿಗೆ ತಾಕಿ ಆಳದ ಕಡೆ ತಿರುಗುತ್ತದೆ. ಅಲ್ಲಿ ಬಾಯಿ ಅಗಲ, ಒಳಗೆ ಹೋದಂತೆ ಕಿರಿದಾಗುವ ಅಂಕಣಗಳಿವೆ. ಒಂದರಿಂದ ಇನ್ನೊಂದಕ್ಕೆ ನುಗ್ಗಿದ ಮೀನಿಗೆ ಹಿಂತಿರುಗುವ ದಾರಿ ಸಿಗದು; ಕೊನೆಯ ಅಂಕಣದಿಂದ ಬಾಚಿ ದೋಣಿಗೆ ತುಂಬಿದರಾಯಿತು. ಹಗಲು ರಾತ್ರಿ ಕೆಲಸ ಮಾಡುವ ಈ ಬೋನಿಗೆ ಒಬ್ಬಿಬ್ಬರು ಕಾವಲುಗಾರರು ಸಾಕು. ಸ್ಥಳೀಯ ಮೀನುಗಾರನಿಗೆ ಕೂಲಿಯೂ ಇಲ್ಲ, ಮೀನೂ ಇಲ್ಲ. ಬೋನಿನ ಒಡೆತನ ಬಹುಪಾಲು ಸಿಯಾಟಲ್, ಸ್ಯಾನ್‌ಫ್ರಾನ್ಸಿಸ್ಕೊಗಳ ಕಂಪನಿಗಳದ್ದು. 1924ರ ವೈಟ್ ಕಾಯ್ದೆ ಅರ್ಧದಷ್ಟು ಮೀನನ್ನಾದರೂ ಮೊಟ್ಟೆಯಿಡಲು ನದಿಯ ಮೇಲಕ್ಕೆ ಬಿಡಬೇಕೆಂದಿತು. ಕಾಗದದ ಮೇಲೆ ಒಳ್ಳೆಯ ನಿಯಮ; ಅಷ್ಟುದ್ದದ ಕರಾವಳಿಯಲ್ಲಿ ನಿಂತು ಎಣಿಸುವವರು ಯಾರು? ಬೋನು ನಿಷೇಧಿಸಿ ಎಂದು ಡೆಲಿಗೇಟ್‌ಗಳು ಮಸೂದೆ ತಂದರು, ಅವು ಸಮಿತಿಯಲ್ಲೇ ಸತ್ತವು. 1948ರಲ್ಲಿ ಅಲಾಸ್ಕಾದ ಮತದಾರರು ಜನಾಭಿಪ್ರಾಯದಲ್ಲಿ ಭಾರಿ ಬಹುಮತದಿಂದ ಬೋನು ಬೇಡ ಎಂದರೂ ಅದಕ್ಕೆ ಕಾನೂನಿನ ಬಲವಿರಲಿಲ್ಲ. 1953ರ ಹೊತ್ತಿಗೆ ಸಾಲ್ಮನ್ ಎಷ್ಟು ಕುಸಿದಿತ್ತೆಂದರೆ ಅಧ್ಯಕ್ಷ ಐಸೆನ್‌ಹೋವರ್ ಮೀನುಗಾರ ಊರುಗಳನ್ನು ವಿಪತ್ತು ಪ್ರದೇಶವೆಂದು ಘೋಷಿಸಬೇಕಾಯಿತು.

1933ರಿಂದ 1945ರವರೆಗೆ ಕೂತ ವಾಲ್ಡೀಜ್‌ನ ವಕೀಲ ಆಂಥೊನಿ ಡೈಮಂಡ್ ಬೋನಿನ ವಿಷಯದಲ್ಲಿ ಸೋತರೂ, ಮೂಲನಿವಾಸಿಗಳಾದ ಟ್ಲಿಂಗಿಟ್ ಮತ್ತು ಹೈಡಾ ಜನರು ಕಳೆದುಕೊಂಡ ನೆಲಕ್ಕಾಗಿ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಲು ದಾರಿ ಮಾಡಿಕೊಟ್ಟ 1935ರ ಕಾಯ್ದೆಯನ್ನು ಗೆಲ್ಲಿಸಿದರು. ಅಲಾಸ್ಕಾಕ್ಕೆ ಸೇನಾ ನೆಲೆ ಬೇಕು, ಜಪಾನ್ ಹತ್ತಿರದಲ್ಲಿದೆ ಎಂದು ಅವರು ವರ್ಷಗಟ್ಟಲೆ ಹೇಳಿದರು. ಹಣ ನಿಜವಾಗಿ ಹರಿದದ್ದು ಯುರೋಪಿನಲ್ಲಿ ಯುದ್ಧ ಶುರುವಾದ ಮೇಲೆ. 1942ರ ಜೂನ್‌ನಲ್ಲಿ ಡಚ್ ಹಾರ್ಬರ್ ಮೇಲೆ ಬಾಂಬ್ ಬಿತ್ತು; ಅಟ್ಟು, ಕಿಸ್ಕಾ ದ್ವೀಪಗಳು ಜಪಾನಿನ ಕೈಗೆ ಹೋದವು.

ಡೈಮಂಡ್ ಅವರ ಕಾರ್ಯದರ್ಶಿಯಾಗಿ ಕೆಲಸ ಕಲಿತಿದ್ದ ಬಾಬ್ ಬಾರ್ಟ್‌ಲೆಟ್ 1945ರಲ್ಲಿ ಕುರ್ಚಿ ಹಿಡಿದು ಕೊನೆಯವರೆಗೂ ಬಿಡಲಿಲ್ಲ. 1946ರ ಜನಾಭಿಪ್ರಾಯದಲ್ಲಿ ರಾಜ್ಯ ಬೇಕೆಂದವರು 9,630, ಬೇಡವೆಂದವರು 6,822. 1950ರ ಮಾರ್ಚ್ 3ರಂದು ಪ್ರತಿನಿಧಿ ಸಭೆ 186–146ರಿಂದ ರಾಜ್ಯ ಮಸೂದೆಯನ್ನು ಒಪ್ಪಿತು. ಸೆನೆಟ್‌ನಲ್ಲಿ ಅದು ಸತ್ತಿತು. ರಾಜ್ಯದ ಸ್ಥಾನಕ್ಕೆ ಕಾಯುತ್ತಿದ್ದ ಇನ್ನೊಂದು ಪ್ರದೇಶವಾದ ಹವಾಯಿ ರಿಪಬ್ಲಿಕನ್ನರ ಕಡೆ, ಅಲಾಸ್ಕಾ ಡೆಮಾಕ್ರಟರ ಕಡೆ ಎಂಬ ಲೆಕ್ಕಾಚಾರ ಒಂದೆಡೆ. ಹೊಸ ಸೆನೆಟರ್‌ಗಳು ಬಂದರೆ ಕರಿಯರ ನಾಗರಿಕ ಹಕ್ಕಿನ ಮಸೂದೆಗಳಿಗೆ ಬಲ ಬಂದೀತೆಂಬ ದಕ್ಷಿಣದವರ ಭಯ ಇನ್ನೊಂದೆಡೆ. 1954ರಲ್ಲಿ ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿದರು. ಎರಡರ ವಿರೋಧಿಗಳೂ ಒಂದಾದರು, ಮಸೂದೆ ಮುಳುಗಿತು.

ಆಗ ಅಲಾಸ್ಕಾ ಹಳೆಯ ಪುಟವೊಂದನ್ನು ತಿರುವಿತು. ಜೇಮ್ಸ್ ವೈಟ್‌ನ ಸೀಮೆ 1796ರಲ್ಲಿ ಕಾಂಗ್ರೆಸ್ಸಿನ ಅಪ್ಪಣೆಗೆ ಕಾಯದೆ ತಾನೇ ಸಂವಿಧಾನ ಬರೆದು, ಸೆನೆಟರ್‌ಗಳನ್ನು ಆರಿಸಿ ಕಳಿಸಿ, ಅದೇ ವರ್ಷ ರಾಜ್ಯವಾಗಿತ್ತು. ಈ ‘ಟೆನೆಸ್ಸಿ ಯೋಜನೆ’ಯಂತೆ, ಫೇರ್‌ಬ್ಯಾಂಕ್ಸ್ ಬಳಿಯ ವಿಶ್ವವಿದ್ಯಾಲಯದಲ್ಲಿ 55 ಪ್ರತಿನಿಧಿಗಳು 1955ರ ನವೆಂಬರ್‌ನಿಂದ 1956ರ ಫೆಬ್ರವರಿವರೆಗೆ ಕೂತು ಸಂವಿಧಾನ ಬರೆದರು. ಮತದಾರರು ಅದನ್ನು ಒಪ್ಪಿದಾಗ ಮೀನಿನ ಬೋನು ನಿಷೇಧಿಸುವ ನಿರ್ಣಯವನ್ನೂ ಜೊತೆಗೇ ಒಪ್ಪಿದರು. ಅರ್ನೆಸ್ಟ್ ಗ್ರೂನಿಂಗ್, ವಿಲಿಯಂ ಈಗನ್ ‘ಸೆನೆಟರ್’ಗಳಾಗಿ, ರಾಲ್ಫ್ ರಿವರ್ಸ್ ‘ಸದಸ್ಯ’ರಾಗಿ ಚುನಾಯಿತರಾಗಿ ವಾಷಿಂಗ್ಟನ್‌ಗೆ ಹೋದರು. ಅವರಿಗೆ ಸಿಕ್ಕಿದ್ದು ಪ್ರೇಕ್ಷಕರ ಗ್ಯಾಲರಿ. ಕೆಳಗೆ ಸದನದಲ್ಲಿ ಕೂರುವ ಹಕ್ಕಿದ್ದದ್ದು ಬಾರ್ಟ್‌ಲೆಟ್‌ಗೆ ಮಾತ್ರ.

1958ರ ಗೆಲುವಿನಲ್ಲಿ ಎರಡು ಚಾಣಾಕ್ಷ ನಡೆಗಳಿದ್ದವು. ಹವಾಯಿಯ ಡೆಲಿಗೇಟ್ ಜಾನ್ ಬರ್ನ್ಸ್, ಈ ಸಲ ಅಲಾಸ್ಕಾ ಒಂದೇ ಹೋಗಲಿ, ನಮ್ಮದನ್ನು ಅದಕ್ಕೆ ಕಟ್ಟಬೇಡಿ ಎಂದು ಒಪ್ಪಿಕೊಂಡರು. ಮತವಿಲ್ಲದ ಇಬ್ಬರು ಸೇರಿ ಮತವಿದ್ದವರ ಹತ್ತು ವರ್ಷಗಳ ಗಂಟನ್ನು ಬಿಚ್ಚಿದರು. ಇನ್ನೊಂದು, ಯಾವ ಮಸೂದೆ ಸದನಕ್ಕೆ ಬರಬೇಕೆಂದು ನಿರ್ಧರಿಸುವ ನಿಯಮಗಳ ಸಮಿತಿಯ ಅಧ್ಯಕ್ಷ ವರ್ಜೀನಿಯಾದ ಹೊವರ್ಡ್ ಸ್ಮಿತ್ ಮಸೂದೆಯನ್ನು ಹಿಡಿದಿಟ್ಟುಕೊಂಡಾಗ, ಹೊಸ ರಾಜ್ಯದ ಮಸೂದೆಗಳಿಗೆ ಸದನದ ನಿಯಮದಲ್ಲೇ ಇದ್ದ ವಿಶೇಷ ಆದ್ಯತೆಯನ್ನು ಬಳಸಿ ಆ ಸಮಿತಿಯ ಒಪ್ಪಿಗೆಗೆ ಕಾಯದೆ ಮಸೂದೆಯನ್ನು ನೇರವಾಗಿ ಸದನಕ್ಕೆ ತಂದರು. ಮೇ 28ರಂದು 210–166. ಜೂನ್ 30ರಂದು ಸೆನೆಟ್‌ನಲ್ಲಿ 64–20. ಹದಿಮೂರು ವರ್ಷ ಈ ಒಂದೇ ಮಸೂದೆಗಾಗಿ ದುಡಿದ ಬಾರ್ಟ್‌ಲೆಟ್ ಆ 210ರಲ್ಲಿ ಇಲ್ಲ. 1959ರ ಜನವರಿ 3ರಂದು ಅಲಾಸ್ಕಾ ರಾಜ್ಯವಾಯಿತು, ಅವರು ಸೆನೆಟರ್ ಆದರು. ಮೀನುಗಾರಿಕೆಯ ಆಡಳಿತವನ್ನು ಕೇಂದ್ರ ಇನ್ನೊಂದು ವರ್ಷ ತನ್ನ ಬಳಿಯೇ ಇಟ್ಟುಕೊಂಡಿತ್ತು. 1960ರ ಜನವರಿ 1ರಂದು ಅದನ್ನೂ ಬಿಟ್ಟುಕೊಟ್ಟಿತು.

ಈಗ ಇಂಥ ಆರು ಕುರ್ಚಿಗಳಿವೆ: ಕೊಲಂಬಿಯಾ ಜಿಲ್ಲೆ (ರಾಜಧಾನಿ ವಾಷಿಂಗ್ಟನ್), ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ ದ್ವೀಪಗಳು. ಪೋರ್ಟೊ ರಿಕೊದವರ ಅವಧಿ ನಾಲ್ಕು ವರ್ಷ, ಉಳಿದವರದ್ದು ಎರಡು. ಹಳೆಯ ಡೆಲಿಗೇಟ್‌ಗಳ ಮುಂದೆ ರಾಜ್ಯವಾಗುವ ದಾರಿ ಕಾಣುತ್ತಿತ್ತು. ಇವರಲ್ಲಿ ಹೆಚ್ಚಿನವರ ಮುಂದೆ ಅದೂ ಇಲ್ಲ. 1993ರಲ್ಲಿ ಇಂಥ ಪ್ರತಿನಿಧಿಗಳಿಗೆ, ಸದನವು ಪೂರ್ಣ ಸಮಿತಿಯಾಗಿ, ಅಂದರೆ ತಿದ್ದುಪಡಿಗಳನ್ನು ಚರ್ಚಿಸಲು ಇಡೀ ಸದನವೇ ಒಂದು ಸಮಿತಿಯಂತೆ ಕೂತಾಗ, ಮತ ಹಾಕುವ ಅವಕಾಶ ಕೊಟ್ಟರು, ಒಂದು ಷರತ್ತಿನೊಡನೆ: ಇವರ ಮತದಿಂದಲೇ ಫಲಿತಾಂಶ ತಿರುಗಿದರೆ ಇವರನ್ನು ಬಿಟ್ಟು ಮತ್ತೆ ಮತದಾನ ಮಾಡಬೇಕು. 1995ರಲ್ಲಿ ರಿಪಬ್ಲಿಕನ್ನರು ಅದನ್ನು ತೆಗೆದರು, 2007ರಲ್ಲಿ ಡೆಮಾಕ್ರಟರು ಮರಳಿಸಿದರು, 2011ರಲ್ಲಿ ಮತ್ತೆ ಹೋಯಿತು, 2019ರಲ್ಲಿ ಮತ್ತೆ ಬಂತು. ಸದನದ ನಿಯಮದಿಂದ ಬಂದ ಹಕ್ಕಾದ್ದರಿಂದ ಅದನ್ನು ಕೊಡಲೂ ಕಸಿಯಲೂ ಆಯಾ ಅವಧಿಯ ಮೊದಲ ದಿನದ ಸರಳ ಬಹುಮತ ಸಾಕು, ಮತ್ತು ಆ ದಿನದ ಮತದಾನದಲ್ಲಿ ಈ ಆರು ಮಂದಿಗೆ ಮತವಿಲ್ಲ.

ಇಂತಿ,
ಪತ್ರಿಕೆಯ ಓದುಗ